ಕಿರುನಾಲಿಗೆ

ದವಡೆ ಹಲ್ಲು ಕೀಳಿಸಲು ಹೋದವಳು ನಾನು,
ಅರ್ಧ ದಿನದ ಕೂಲಿ ಬಿಟ್ಟು,
ತಲೆಯಲ್ಲಿ ಇನ್ನೂ ಮಂಡಕ್ಕಿ ಭಟ್ಟಿಯ ಹೊಟ್ಟು.

ದಂತ ಕಾಲೇಜಿನ ಹಸಿರು ಕುರ್ಚಿ
ಹಿಂದಕ್ಕೆ ಮಲಗಿಸಿತು.
ಅಂಜುಷಾ ಅಂತ, ಕೊಲ್ಲಂ ಕಡೆಯ ಹುಡುಗಿ,
ಅವಳ ಕನ್ನಡದಲ್ಲಿ ಇದ್ದದ್ದೇ ನಾಲ್ಕು ಮಾತು:
ಬಾಯಿ ತೆಗೀರಿ, ನೋವಾ, ಉಗುಳಿ, ಆಯ್ತು.

ಐದನೆಯದು ಸಿಗದೆ ಸುಮ್ಮನಾದಳು.
ಹಲ್ಲು ಬಿಟ್ಟು ಅದರಾಚೆ ನೋಡುತ್ತಿದ್ದಳು.
ಮೇಡಂ ಬಂದರು. ಹಿಂದೆ ಹನ್ನೊಂದು ಬಿಳಿ ಕೋಟು.
ಹಾಳು ಬಾವಿಗೆ ಇಣುಕುವ ಮಕ್ಕಳಂತೆ
ಒಬ್ಬೊಬ್ಬರಾಗಿ ಬಗ್ಗಿ
ನನ್ನ ಗಂಟಲಿಗೆ ಬೆಳಕು ಬಿಟ್ಟರು.

ಕಿರುನಾಲಿಗೆ ಎರಡಾಗಿ ಸೀಳಿದೆಯಂತೆ,
ಮೀನಿನ ಬಾಲದ ಹಾಗೆ.
ಹುಟ್ಟುವಾಗಲೇ. ಹೆದರಬೇಡಿ, ಅಪರೂಪ, ಅಷ್ಟೆ.
ಫೋನಿನಲ್ಲಿ ತೋರಿಸಿದರು:
ಕೆಂಪು ಗವಿಯ ಬಾಗಿಲಲ್ಲಿ
ಎರಡು ಹನಿ, ಬೀಳದೆ ನಿಂತಿವೆ
ನಲವತ್ತಾರು ವರ್ಷದಿಂದ.

‘ಚಿಕ್ಕಂದಿನಲ್ಲಿ ಹಾಲು ಮೂಗಿಗೆ ಬರುತ್ತಿತ್ತಾ?’

ಬರುತ್ತಿತ್ತು. ಅವ್ವ ಹೇಳುತ್ತಿದ್ದಳು.
ಮಲಗಿಸಿ ಕುಡಿಸಿದ್ದೇ ಇಲ್ಲ ನನ್ನ;
ಗೋಡೆಗೊರಗಿ, ನೆಟ್ಟಗೆ ಎತ್ತಿ ಹಿಡಿದು
ಕೂತಿರುತ್ತಿದ್ದಳು
ಹತ್ತಿ ಮಿಲ್ಲಿನ ಸೈರನ್ ಕೂಗುವವರೆಗೆ.
ಕಾರಣ ಗೊತ್ತಿರಲಿಲ್ಲ ಅವಳಿಗೆ. ಉಪಾಯ ಗೊತ್ತಿತ್ತು.

ಬಸಾಪುರದ ಶಾಲೆಯಲ್ಲಿ ನಾನು ‘ಗೊಣಗಿ’.
ಪದ್ಯ ಹೇಳಲು ಎದ್ದರೆ
ಹಿಂದಿನ ಸಾಲು ಪೂರಾ ಮೂಗು ಹಿಡಿದುಕೊಳ್ಳುತ್ತಿತ್ತು.
ಸಿಟ್ಟು ಬಂದಾಗ ಅತ್ತೆ, ‘ಎರಡು ನಾಲಿಗೆಯವಳು’ ಅನ್ನುತ್ತಿದ್ದಳು.
ಪಾಪ, ಲೆಕ್ಕ ತಪ್ಪಿದ್ದಳು. ಮೂರು.

ಮನೆಯವರದ್ದೂ ನೋಡಿಕೊಳ್ಳಿ, ಅಂದಿದ್ದರು ಮೇಡಂ.
ರಾತ್ರಿ ತಟ್ಟೆ ಸರಿಸಿ
ಮಗಳ ಬಾಯಿಗೆ ಫೋನಿನ ಬೆಳಕು ಹಿಡಿದೆ: ಒಂದೇ.
ಮಗನದು: ಒಂದೇ, ನಗುವಿಗೆ ಕುಣಿಯುತ್ತಿದೆ.
ನನ್ನದು ನೋಡಿ ಇಬ್ಬರೂ ಹೋ ಅಂತ ಕೂಗಿ
‘ಅಪ್ಪಾ, ನೀನೂ ಬಾ’ ಅಂದರು.

ತಿಪ್ಪೇಶಿ ಗುಟ್ಕಾ ಉಗಿದು ಬಂದ,
ಕೂತ, ‘ಆ’ ಅಂದ.
ಇನ್ನೂ ತೆಗಿ, ಅಂದೆ.
ತೆಗೆದೀನಲ್ಲೇ, ಅಂದ.

ಕಿರುನಾಲಿಗೆ ಕಾಣಲಿಲ್ಲ.
ಬೆಳ್ಳಗೆ ಬಿಗಿದ ಕೆನ್ನೆಯೊಳಗೆ
ನನ್ನ ಎರಡು ಬೆರಳು ಒಟ್ಟಿಗೆ ಹೋಗಲಿಲ್ಲ.

ಎಂದಿನಿಂದ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ ಕೇಳುತ್ತಾನೆ ಇವನು,
ಎಂದಿನಿಂದ ಮಿರ್ಚಿ ಮುಟ್ಟಿಲ್ಲ,
ಲೆಕ್ಕ ಹಾಕುತ್ತ
ಬೆಳಕು ಆರಿಸದೆ ಕೂತೆ.

ಹಲ್ಲಿಗೆ ನಾಳೆ ಬಾ ಅಂದಿದ್ದಾರೆ.
ಹೋಗಲಿ, ಇಬ್ಬರದೂ ಕೂಲಿ.