ಹೆಪ್ಪು

ಮೊದಲು ಮಾತಾಡಿದ್ದು ಬಚ್ಚಲು.
ಮಹಡಿಯಲ್ಲಿ ನೀರು ಬಿಟ್ಟರೆ
ಕೆಳಗೆ ನನ್ನ ಬಚ್ಚಲ ಜಾಲರಿಯಲ್ಲಿ
ಗುಳುಂ, ಗುಳುಂ,
ನಿದ್ದೆಗಣ್ಣಲ್ಲಿ ಯಾರೋ ನೀರು ನುಂಗಿದ ಹಾಗೆ.

ಆಮೇಲೆ ಹಿತ್ತಿಲ ಕರಿಬೇವು.
ಏಪ್ರಿಲ್ ಬಿಸಿಲಿಗೆ ಸೊರಬ ರಸ್ತೆಯುದ್ದಕ್ಕೂ
ಹುಲ್ಲು ಕೆಂಪಾಗಿ ಮಲಗಿದ್ದಾಗ
ಇದೊಂದು ಮಾತ್ರ ಕಪ್ಪುಹಸಿರು.
ಬ್ಲೌಸಿಗೆ ಅಳತೆ ಕೊಡಲು ಬಂದವರೆಲ್ಲ
"ಬುಡಕ್ಕೆ ಏನು ಹಾಕ್ತೀರಿ ಸುಗುಣಕ್ಕ?" ಎನ್ನುತ್ತ
ನಾಕು ಎಸಳು ಮುರಿದುಕೊಂಡು ಹೋದರು.
ಬುಡ ಮೆತ್ತಗಿತ್ತು. ಚಪ್ಪಲಿ ಒತ್ತಿದರೆ ಕಪ್ಪು ನೀರು.

ಸಂಜೆ ಗಾಳಿ ತಿರುಗಿದರೆ ವಾಸನೆ.
ಊದುಬತ್ತಿ ಹಚ್ಚಿದೆ. ಫಿನಾಯಿಲ್ ಸುರಿದೆ, ಎರಡು ಬಾಟಲಿ.
ಅದಕ್ಕೇ ಒಳಗಿನ ಹುಳವೆಲ್ಲ ಸತ್ತವು, ಎಂದ ಆಮೇಲೆ ಗುತ್ಯಪ್ಪ.
ಮತ್ತೆ, ಮನಸ್ಸಲ್ಲೇ, ಮಹಡಿಯವರನ್ನು ಬೈದೆ:
ಕಂಡಕ್ಟರ್ ನಜೀರ್, ಹೆಂಡತಿ ಫರ್ಜಾನ, ಮೂರು ಮಕ್ಕಳು.
ಐದು ಜನ ಅಂದರೆ ಐದು ಜನರದ್ದು.

ಆನಂದಪುರದಿಂದ ಟ್ಯಾಂಕರ್ ತಂದವನು ಗುತ್ಯಪ್ಪ.
ಮುಚ್ಚಳ ಎಲ್ಲಿ, ಎಂದ.
ಹದಿನಾಲ್ಕು ವರ್ಷ. ಕೇಳೋಣವೆಂದರೆ
ಕಟ್ಟಿಸಿದವರು ಗೋಡೆಯಲ್ಲಿ, ಗಂಧದ ಹಾರದೊಳಗೆ.
ಕಬ್ಬಿಣದ ಸರಳಿಂದ ನೆಲ ತಟ್ಟುತ್ತ ನಡೆದ,
ಕಲ್ಲಂಗಡಿ ಆರಿಸುವವನ ಹಾಗೆ ಕಿವಿಗೊಟ್ಟು.
ಒಗೆಯುವ ಕಲ್ಲಿನ ಕೆಳಗೆ ನೆಲ ಟೊಳ್ಳು ದನಿಯಲ್ಲಿ ಓಗೊಟ್ಟಿತು.

ಮುಚ್ಚಳ ಸರಿಸಿ ಅರ್ಧ ಗಂಟೆ ದೂರವೇ ನಿಂತ.
ಬೀಡಿ ಕಿವಿಯ ಸಂದಿಯಲ್ಲೇ ಉಳಿಯಿತು.
ಇಣುಕ ಹೋದ ನನ್ನನ್ನು ಗದರಿದ:
"ಹಿಂದೆ ಸರೀರಿ. ನಮ್ಮ ಭಾವ ಹೀಗೇ ಬಗ್ಗಿದ್ದು,
ಬಿದ್ದ ಟಾರ್ಚು ತೆಗೀಲಿಕ್ಕೆ."
ಅಷ್ಟೇ ಹೇಳಿ ಪೈಪು ಇಳಿಸಿದ.

ಪೈಪು ಕಟ್ಟಿತು.
ಉದ್ದ ಕೊಕ್ಕೆಗೆ ಸಿಕ್ಕಿ ಬಂದದ್ದು ಬಟ್ಟೆ,
ಮಡಿಕೆ ಮಡಿಕೆ, ಮುದ್ದೆ ಮುದ್ದೆ.
ನೀರೆರಚಿದ. ಒಳ್ಳೆಯ ರೂಬಿಯಾ ಬಣ್ಣ ಬಿಡುವುದಿಲ್ಲ.
ನವಿಲುನೀಲಿ: ಪೋಸ್ಟ್ ಮಾಸ್ಟರ ಮಗಳ ಮದುವೆಯದು.
ಎಲೆಹಸಿರು: ಅಂಗನವಾಡಿ ಟೀಚರಮ್ಮನದು.
ಕತ್ತರಿಸಿ ಮಿಕ್ಕ ಚೂರುಗಳನ್ನು ಒಂದರ ಮೇಲೊಂದಿಟ್ಟು
ತಿಂಗಳು ತಿಂಗಳೂ ನನಗೆಂದೇ ಮಡಿಸಿದವು,
ತಂತಿಯ ಮೇಲೆ ಒಣಹಾಕಲು ನಾಚಿ
ರಾತ್ರಿ ಹನ್ನೊಂದಕ್ಕೆ, ದೀಪ ಹಚ್ಚದೆ,
ಒಂದು ಬಕೀಟು ನೀರಿನೊಡನೆ ಕಳಿಸಿಕೊಟ್ಟವು.
ನನಗೆ ನಿಂತು ಮೂರು ವರ್ಷವಾಯಿತು.
ಅದು ಒಂದನ್ನೂ ಕಳೆದಿರಲಿಲ್ಲ.

"ಬಟ್ಟೆ ಕರಗಲ್ಲ ಅಕ್ಕ" ಎಂದ ಗುತ್ಯಪ್ಪ,
ಮುಖ ಆಚೆ ಮಾಡಿ, ಕಾಂಪೌಂಡಿಗೆ ಹೇಳುವವನಂತೆ.
ಒಡೆದ ಟೀ ಪೈಪು ಬದಲಿಸಿದ.
ಗಾಳಿಕೊಳವೆಯ ಬಾಯಲ್ಲಿ ಕಣಜದ ಗೂಡು; ಕೆಡವಿ ಬಲೆ ಬಿಗಿದ.
ಪೂರಾ ತೊಳೆದುಬಿಡು ಎಂದರೆ ಒಪ್ಪಲಿಲ್ಲ:
"ಅಡಿಯಲ್ಲಿ ಗೇಣಷ್ಟು ಇರಲಿ.
ಹೆಪ್ಪಿಗೆ ಅಂತ ಮೊಸರು ಉಳಿಸಲ್ವಾ ನೀವು?"

ಸಂಜೆ ಫರ್ಜಾನ ಇಳಿದು ಬಂದಳು, ಮುದುರಿದ ನೋಟು ಹಿಡಿದು:
"ಅರ್ಧ ನಮ್ದು, ಅಕ್ಕ."
ಬೇಡ ಎಂದೆ.
ಯಾಕೆ, ಎಂದಳು.
ತುಟಿಯ ನಡುವೆ ದಾರವಿತ್ತು. ಅದನ್ನೇ ನೆನೆಸುತ್ತ ಕೂತೆ.

ಒಗೆಯುವ ಕಲ್ಲು ಈಗ ಗೋಡೆಯ ಬದಿಗೆ.
ಮುಚ್ಚಳದ ಸುತ್ತ ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ
ಒಂದು ಚೌಕ ಎಳೆದಿದ್ದೇನೆ,
ಹೊಲಿಗೆಗೆ ಬಿಡುವಂತೆ ಇಂಚು ಬಿಟ್ಟು.
ಮೊದಲ ಮಳೆಗೇ ಅಳಿಸುತ್ತದೆ.
ಮತ್ತೆ ಎಳೆಯಬೇಕು.