ಮೂರು ಚೂರು

ಐದೂವರೆಗೆಲ್ಲ ಟಿಪ್ಪರ್ ಆಟೊ
ಹೊಸಹಳ್ಳಿ ತಿರುವಲ್ಲಿ ಕೆಮ್ತದೆ.
ಸಿದ್ದಪ್ಪಾಜಿ ಗೇರು ಹಾಕ್ತಾನೆ, ನಾನು ಪೀಪಿ ಊದ್ತೀನಿ.
ಸಕ್ಕರೆ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದ ದಿನ
ಇಡೀ ಮಂಡ್ಯಕ್ಕೆ ಕಾಕಂಬಿ ವಾಸನೆ.
ಅವತ್ತು ಮಾತ್ರ ನನ್ನ ಕಂಡು
ಯಾರೂ ಮೂಗು ಮುಚ್ಚಲ್ಲ.

ಹನ್ನೊಂದು ವರ್ಷ ಆಯ್ತು. ಮುಖ ನೋಡದೆ ಮನೆ ಹೇಳ್ತೀನಿ.
ಕೆಂಪು ಇಂಕಿನ ರೀಫಿಲ್ಲು: ಮೇಷ್ಟ್ರು.
ಬುಟ್ಟಿ ತುಂಬ ಬೆಳ್ಳುಳ್ಳಿ ಸಿಪ್ಪೆ: ಬಾಣಂತಿ ಬಂದವಳೆ.
ಮಾಂಸ ಬಿಟ್ಟು ವರ್ಷ ಆಯ್ತು ಅಂತ ಊರಿಗೆಲ್ಲ ಸಾರಿದವರ
ಹಸಿ ಕಸದ ತಳದಲ್ಲಿ, ಬಾಳೆಲೆ ಮುಚ್ಚಿ, ಎರಡು ಮೂಳೆ.
ಯಾರ ಹತ್ರಾನೂ ಹೇಳಲ್ಲ.
ಹಸಿದು ಹಸಿಗೆ, ಒಣದು ಒಣಕ್ಕೆ,
ಕಂಡದ್ದು ಹೊಟ್ಟೆಗೆ.

ಎರಡನೇ ಅಡ್ಡರಸ್ತೆ. ದೀಪ ಕೆಟ್ಟ ಕಂಬ, ಎದುರಿಗೆ ಆ ಮನೆ.
ದೀಪಕ್ಕೆ ಮೂರು ಸಲ ಅರ್ಜಿ ಕೊಟ್ಟೆ ನಾನೇ.
'ನೀನು ಕಸದವಳಲ್ವಾ ಸಣ್ಣತಾಯಮ್ಮ, ದೀಪದ ಸೆಕ್ಷನ್ನು ಮೇಲೆ'
ಅಂದರು ನಗರಸಭೇಲಿ.
ಮೆಟ್ಟಿಲು ಹತ್ತಿದೆ. ಮೇಲೆ ಬೀಗ.

ಆ ಮನೆಯಿಂದ ಮೊದಲು ಬಂದದ್ದು
ಒಂದು ಸ್ಟೀಲ್ ಲೋಟ, ಸೊಟ್ಟಗಾದದ್ದು.
ಗುಜರಿಗೆ ಹಾಕ್ಬೋದಿತ್ತಲ್ಲ ಅಂದ್ಕೊಂಡೆ, ಅಷ್ಟೆ.
ಆಮೇಲೆ ಬಳೆ ಚೂರು, ಹಸಿರು ಗಾಜಿನದು.
ಹಳೇ ಪೇಪರಲ್ಲಿ ಮೂರು ಸುತ್ತು ಸುತ್ತಿ, ದಾರ ಕಟ್ಟಿ,
ಮೇಲೆ ಪೆನ್ನಿನಲ್ಲಿ: 'ಗಾಜು. ಜೋಪಾನ.'
ನನ್ನ ಕೈಗೆ ತಗುಲದೆ ಇರಲಿ ಅಂತ.
ಹನ್ನೊಂದು ವರ್ಷಕ್ಕೆ ಈ ಬೀದಿ ನನಗೆ ಬರೆದದ್ದು
ಅದೊಂದೇ ಕಾಗದ.

ಬಕೆಟ್ಟು ಕೊಡುವಾಗ ಒಂದು ಕೈ ಸೆರಗಿನೊಳಗೆ.
ಏನವ್ವ ಅದು ಅಂದೆ.
ಬಾಗಿಲು ಬಡೀತು ಅಂದಳು.
ಆ ಬಾಗಿಲ ದಿನಾ ನೋಡ್ತೀನಿ ನಾನು.
ಅದಕ್ಕೆ ಬೆರಳಿಲ್ಲ.

ಅದೇ ವಾರ ವಾರ್ಡಿನ ಸಭೆ. ಹೆಂಗಸರ ಸಹಾಯ ಕೇಂದ್ರದ
ಕನ್ನಡಕದ ಹುಡುಗಿ ಒಬ್ಬಳು
ತಲೆಗೈವತ್ತು ಚೀಟಿ ಹಂಚಿ,
'ಮನೆಮನೆ ಬಾಗಿಲಿಗೂ ಹೋಗೋರು ನೀವೇ ತಾನೆ' ಅಂದಳು.
ನಮ್ಮನ್ನ ಯಾವುದಕ್ಕಾದರೂ ನೀವೇ ತಾನೆ ಅಂದದ್ದು
ಅದೇ ಮೊದಲು. ನಿಂಗಾಜಮ್ಮಣ್ಣಿ ಟೀ ಚೆಲ್ಲಿಕೊಂಡಳು.
ಚೀಟಿ ಹಂಚಿದ್ವಿ. ಮುಕ್ಕಾಲು ಪಾಲು
ಮಾರನೇ ದಿನ ಒಣ ಕಸದಲ್ಲಿ ವಾಪಸ್ಸು.

ಆ ಮನೆ ಗೇಟಲ್ಲಿ ಅವನು ಹಲ್ಲುಜ್ತಾ ನಿಂತಿದ್ದ.
ಬಾಯಿ ತುಂಬ ನೊರೆ.
ಖಾಲಿ ಬಕೆಟ್ಟಿನ ಒದ್ದೆ ತಳಕ್ಕೆ ಚೀಟಿ ಅಂಟಿಸಿ
ಅವಳ ಕೈಗೇ ಕೊಟ್ಟೆ. ಬೆರಳು ತಳ ಮುಟ್ಟಿತು,
ಅಲ್ಲೇ ನಿಂತಿತು.
'ಚರಂಡಿ ಹತ್ರ ಬಿದ್ದದೆ, ಗುಡಿಸಿ ಹೋಗಮ್ಮ' ಅಂದ ಅವನು.
ಗುಡಿಸಿದೆ.

ಮೂರು ದಿನ ಬಕೆಟ್ಟು ಬರಲಿಲ್ಲ.
ಉಸಿರಿರೋ ತನಕ ಪೀಪಿ ಊದಿದೆ.
'ಏನಕ್ಕ, ರೈಲು ಬಿಡ್ತೀಯಾ?' ಅಂದ ಸಿದ್ದಪ್ಪಾಜಿ.
ಎದುರು ಮನೆಯವರು ಕಿಟಕಿ ತೆಗೆದು, ಮುಚ್ಚಿದರು.

ನಾಲ್ಕನೇ ದಿನ ಗೇಟಿನ ಹೊರಗೆ ಬಕೆಟ್ಟು. ಕೊಡೋ ಕೈ ಇಲ್ಲ.
ಹಾಲಿನ ಕವರಿನ ಅಡಿಯಲ್ಲಿ ಹರಿದ ಚೀಟಿ.
ದೀಪದ ಕಂಬದ ಕಟ್ಟೆ ಮೇಲೆ ಕೂತು
ಮಂಡಿ ಮೇಲೆ ಜೋಡಿಸಿದೆ.
ಒಂದು ಚೂರಲ್ಲಿ ಮುದ್ರೆ. ಒಂದರಲ್ಲಿ ವಿಳಾಸ.
ಒಂದರಲ್ಲಿ 'ಬೆಳಿಗ್ಗೆ ಹತ್ತರಿಂದ'.
ನಂಬರಿದ್ದ ಮೂಲೆ ಇಲ್ಲ.

ಗ್ಲೌಸು ಬಿಚ್ಚಿ ಹಸಿ ಕಸಕ್ಕೂ ಕೈ ಹಾಕಿದೆ.
ಟೀ ಚರಟ, ಮೊಟ್ಟೆ ಓಡು, ಜಗಿದ ನುಗ್ಗೆಕಾಯಿ.
ಅಲ್ಲೂ ಇಲ್ಲ.

ಯಾರು ಹರಿದರೋ. ಅವನ ಜೇಬಲ್ಲಿರಬಹುದು ಆ ಮೂಲೆ.
ಅಕ್ಕಿ ಡಬ್ಬದೊಳಗೂ ಇರಬಹುದು.
ಸಿದ್ದಪ್ಪಾಜಿ ಹಾರ್ನು ಹೊಡೆದ: ಇನ್ನೂ ನಾಲ್ಕು ಬೀದಿ ಅದೆ.
ಮೂರು ಚೂರನ್ನ ಎಲೆಯಡಿಕೆ ಚೀಲಕ್ಕೆ ಹಾಕ್ಕೊಂಡು ಎದ್ದೆ.
ಒಣ ಕಸ ಹೌದು. ಹಾಕಕ್ಕೆ ಮನಸ್ಸು ಬರಲಿಲ್ಲ.

ನಾಳೆ ಮತ್ತೆ ಆ ಕಂಬದ ಹತ್ರ
ಎರಡು ಸಲ ಊದ್ತೀನಿ.
ಒಂದು ಕಸಕ್ಕೆ.