‘ಹ’ದ ಕೆಳಗೆ

ಬೆಟಗೇರಿಯ ಮಗ್ಗಗಳ ಬಗ್ಗೆ ಒಂಬತ್ತು ವರ್ಷ ಬರೆದೆ.
ಪದಸೂಚಿಗೆ ಒಂಬತ್ತು ತಾಸು ಸಾಕೆಂದ
ಗದಗಿನ ಪ್ರೆಸ್ಸಿನವನು. ನಂಬಿದೆ.
‘ಕಂಪ್ಯೂಟರಿಗೆ ಹೇಳಿದ್ರ ತಾನ ತಗದು ಕೊಡತೈತಿ ಸರ.’
ಕೊಟ್ಟಿತು. ‘ನೂಲು’ ಒಂದಕ್ಕೇ ಇನ್ನೂರಾ ಹದಿನಾಲ್ಕು ಪುಟ,
‘ನೂಲಿಗೆ’ ಬೇರೆ, ‘ನೂಲಿನ’ ಬೇರೆ, ‘ನೂಲಲ್ಲಿ’ ಬೇರೆ,
ವಿಭಕ್ತಿಗೊಂದು ಒಲೆ ಹೂಡಿ ಕೂತಿದ್ದವು
ಒಂದೇ ತಾಯಿಯ ಮಕ್ಕಳು.

ಆಮೇಲೆ ಸಿಕ್ಕವರು ರತ್ನಾಬಾಯಿ ಕಬಾಡಿ.
ಮುಳಗುಂದ ನಾಕಾದ ಹತ್ತಿರ ಮಹಡಿಯ ಖೋಲಿ,
ಕಾಲೇಜು ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕಾರ್ಡು ಬರೆದ ಕೈ,
ಬೂಟಿನ ಡಬ್ಬಿಗಳಲ್ಲಿ ಅ ದಿಂದ ಳ ತನಕ.
ಮೊದಲ ಮಾತು ದುಡ್ಡಿನದು, ಪುಟಕ್ಕೆ ಇಷ್ಟು.
ಎರಡನೆಯದು: ‘ಪುಟ ಗಟ್ಟಿಯಾಗೂತನಕ ಕಳಸಬ್ಯಾಡ್ರಿ.
ನೀವೊಂದು ಫೋಟೋ ಆಕಡೆ ಸರಿಸಿದ್ರ
ನನ್ನ ಅಂಕಿ ಎಲ್ಲಾ ತಪ್ಪಿದ ಎಳಿ ಆಗ್ತಾವ.’

ಮೂರು ಸಲ ಸರಿಸಿದೆ.
ಮೂರನೆಯ ಸಲ ಅವರು ಬೈಯಲಿಲ್ಲ,
ಚಹಾನೂ ಕೊಡಲಿಲ್ಲ.

ಚೀಟಿಗಳು ಬರತೊಡಗಿದವು, ಪೆನ್ಸಿಲ್ಲಿನಲ್ಲಿ.
‘ಕ್ಷ’ವನ್ನು ಕ ಜೊತೆ ಇಡಲೋ, ಕೊನೆಗೆ ಇಡಲೋ?
ಐವತ್ತಾರನೆಯ ಪುಟದ ಗುಳೇದಗುಡ್ಡದ ಸಾಹುಕಾರ,
ನೂರಾ ಮೂವತ್ತರ ಖಣದ ವ್ಯಾಪಾರಿ, ಇಬ್ಬರೂ ಒಬ್ಬರೇ ಏನು?
ಒಬ್ಬರೇ. ಬರೆದ ನನಗೇ ಗೊತ್ತಿರಲಿಲ್ಲ.
‘ಮುಷ್ಕರ’ ಹುಡುಕಿ ಬಂದವರನ್ನು ‘ಹರತಾಳ’ಕ್ಕೆ ಕಳಿಸುವ
‘ನೋಡಿ’ ಒಂದು ಹಾಕುತ್ತೇನೆ, ಅಡ್ಡಿ ಇಲ್ಲವಷ್ಟೆ?
ಓದುವವರು ನಿಮ್ಮ ಮಾತು ಹಿಡಿದು ಬರುವುದಿಲ್ಲ,
ತಮ್ಮದನ್ನು ಹಿಡಿದು ಬರುತ್ತಾರೆ.

ಕೊನೆಯ ಚೀಟಿ ಇಷ್ಟೇ:
‘ಇಕಿ ಯಾವ ಅಕ್ಷರದಾಗ?’

ಇಪ್ಪತ್ತೆರಡನೆಯ ಪುಟದಲ್ಲಿ ಕಂಡಿಕೆ ಸುತ್ತುತ್ತಿದ್ದಳು ‘ಒಬ್ಬ ಹೆಂಗಸು’.
ಎಂಬತ್ತೆಂಟರಲ್ಲಿ ‘ಮನೆಯಾಕೆ’, ಹರಿದ ಎಳೆಗೆ
ಎಂಜಲು ಹಚ್ಚಿ ಗಂಟು ಹಾಕಿದವಳು.
ನೂರಾ ಮೂರರಲ್ಲಿ ನನಗೆ ಅವಲಕ್ಕಿ ಕೊಟ್ಟು
ಹಾಸು ಹೂಡುವ ಲೆಕ್ಕ ಬಾಯಲ್ಲೇ ಹೇಳಿದಳು,
ಆ ಇಡೀ ಅಧ್ಯಾಯ ಅವಳ ಲೆಕ್ಕವೇ.
ಇನ್ನೂರಾ ಏಳರಲ್ಲಿ ಬರೀ ‘ಅವಳು’.
ಸಾಹುಕಾರರೆಲ್ಲ ಇನಿಷಿಯಲ್ಲು ಸಮೇತ ಇದ್ದರು.
ಬಣ್ಣದ ಡಬ್ಬಿಯ ಕಂಪನಿಗೂ ಹೆಸರಿತ್ತು.

ಹೋದೆ. ಹೆಲ್ತ್ ಕ್ಯಾಂಪ್ ದಾಟಿ, ನೀರಿನ ಟಾಕಿಯ ಹಿಂದಿನ ಓಣಿ.
ಮಗ್ಗದ ಕುಣಿ ಮುಚ್ಚಿ ಟೈಲ್ಸು ಹಾಕಿದ್ದಾರೆ, ಅದರ ಮೇಲೆ ಫ್ರಿಜ್ಜು.
ಬಾಡಿಗೆಯವರು ಹೊಸಬರು.
ಪಕ್ಕದ ಮನೆಯ ಮುದುಕ ಕಿವಿ ಕೆರೆದುಕೊಂಡ:
‘ನಾವೆಲ್ಲಾ ಗಜ್ಯಾನ ಅವ್ವ ಅಂತಿದ್ವಿ.
ತೀರಿಕೊಂಡು ಆರು ವರ್ಷಾತು. ಹೆಸರು...
ಇತ್ತು ಬಿಡ್ರಿ, ಏನರ.’

ಹಾಗೆಯೇ ಬಂದು ಹೇಳಿದೆ.
ರತ್ನಾಬಾಯಿ ಖಾಲಿ ಕಾರ್ಡೊಂದನ್ನು ನನ್ನ ಕಡೆ ಸರಿಸಿ
ಪೆನ್ಸಿಲ್ಲು ಕೊಟ್ಟರು.

ಹೆಸರು ಕೇಳದೆ ಬಿಟ್ಟವರು, ೨೨, ೮೮, ೧೦೩–೧೧೯, ೨೦೭
ಗಜ್ಯಾನ ಅವ್ವ, ನೋಡಿ: ಹೆಸರು ಕೇಳದೆ ಬಿಟ್ಟವರು

ಪ್ರೆಸ್ಸಿನವನು ಫೋನು ಮಾಡಿದ:
‘ಸರ, ಹ ದಾಗ ಒಂದು ತಪ್ಪು ಉಳದೈತಿ, ತಗೀಲೇನು?’
ಉಳಿಯಲಿ ಅಂದೆ.
ಈಗ ಅದು ಹುಬ್ಬಳ್ಳಿ ಮಾರ್ಕೆಟ್ಟಿನ ಕೆಳಗೆ,
ಹೊಂಬಳದ ಮೇಲೆ, ಒಂದು ಸಾಲು.

ನಿನ್ನೆ ಬಿಲ್ಲು ಬಂತು. ಸಾವಿರದ ನೂರಾ ಆರು ಕಾರ್ಡು,
ಎಣಿಸಿದ್ದು ಸಾವಿರದ ನೂರಾ ನಾಲ್ಕು.
ಅಂಚಿನಲ್ಲಿ ಪೆನ್ಸಿಲ್ಲು: ‘ಆ ಎರಡು ನಿಮ್ಮ ಕೆಲಸ.’